‘ಗಿಂತ’ ಎಲ್ಲಿದೆಯೋ ಅಲ್ಲಿ ನೂರು

ಕೊಯ್ದ ಕಾಳುಮೆಣಸಿನಲ್ಲಿ ಶೇ. 70 ನೀರಿದೆ ಎಂದಿಟ್ಟುಕೊಳ್ಳಿ. ಅಂಗಳದಲ್ಲಿ ಒಣಗಿಸಿ ಚೀಲಕ್ಕೆ ತುಂಬುವ ಹೊತ್ತಿಗೆ ನೀರಿನಂಶ ಶೇ. 10ಕ್ಕೆ ಇಳಿದಿದೆ. 120 ಕೆಜಿ ಹಸಿ ಮೆಣಸು ಒಣಗಿ ಎಷ್ಟು ಕೆಜಿ ಆಗುತ್ತದೆ?

ಪರೀಕ್ಷೆಯ ಅವಸರದಲ್ಲಿ ಬರುವ ಉತ್ತರ 48. ಎಪ್ಪತ್ತರಲ್ಲಿ ಹತ್ತು ಕಳೆದರೆ ಅರವತ್ತು, ಶೇ. 60 ನೀರು ಹೋಯಿತು, 120ರಲ್ಲಿ 72 ಕಳೆದರೆ 48. ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಮೆಣಸು ಒಣಗಿಸಿ ಗೊತ್ತಿರುವವರನ್ನು ಕೇಳಿದರೆ ‘ಹೆಚ್ಚುಕಡಿಮೆ ಮೂರಕ್ಕೊಂದು’ ಎನ್ನುತ್ತಾರೆ. ಅಂದರೆ 40. ಸರಿಯಾದ ಉತ್ತರವೂ ಅದೇ.

ಒಣಗುವಾಗ ಹೋಗುವುದು ನೀರು ಮಾತ್ರ. ನೀರಲ್ಲದ ಭಾಗ ಮೊದಲಿಗೆ 120ರ ಶೇ. 30, ಅಂದರೆ 36 ಕೆಜಿ. ಒಣಗಿದ ಮೇಲೂ ಅದು 36 ಕೆಜಿಯೇ, ಆದರೆ ಈಗ ಹೊಸ ತೂಕದ ಶೇ. 90. ಹೊಸ ತೂಕ 36 ÷ 0.9 = 40. ತಪ್ಪಿದ್ದು ಎಲ್ಲಿ? ಎಪ್ಪತ್ತು ಎನ್ನುವುದು 120 ಕೆಜಿಯ ಶೇಕಡಾ, ಹತ್ತು ಎನ್ನುವುದು 40 ಕೆಜಿಯ ಶೇಕಡಾ. ಎರಡಕ್ಕೂ ನೂರು ಬೇರೆ ಬೇರೆ. ಬೇರೆ ಬೇರೆ ನೂರರ ಮೇಲೆ ನಿಂತ ಶೇಕಡಾಗಳನ್ನು ಕಳೆಯುವುದೆಂದರೆ ಗುಂಟೆಯಲ್ಲಿ ಲೀಟರ್ ಕಳೆದ ಹಾಗೆ.

ಪಿಜಿಸಿಇಟಿ, ಕ್ಯಾಟ್, ಜಿಆರ್‌ಇ, ಜಿಮ್ಯಾಟ್‌ನಂಥ ಪ್ರವೇಶ ಪರೀಕ್ಷೆಗಳಲ್ಲಿ ಇದೇ ಲೆಕ್ಕ ದ್ರಾಕ್ಷಿ–ಒಣದ್ರಾಕ್ಷಿಯಾಗಿಯೋ ಉಪ್ಪುನೀರು ಆವಿಯಾಗುವುದಾಗಿಯೋ ಬರುತ್ತದೆ. ಶೇಕಡಾ ಲೆಕ್ಕದ ತಪ್ಪುಗಳಲ್ಲಿ ಬಹುಪಾಲು ಗುಣಾಕಾರ ಭಾಗಾಕಾರದಲ್ಲಿ ಆಗುವಂಥವಲ್ಲ. ಯಾವುದು ನೂರು ಎಂದು ಗುರುತಿಸುವುದರಲ್ಲೇ ಆಗುತ್ತವೆ. ಹಾಗಾಗಿ ಪೆನ್ನು ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ನೂರು ಯಾರು?

ಇದಕ್ಕೆ ಕನ್ನಡದಲ್ಲೇ ಒಂದು ಉಪಾಯವಿದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿನ ಪ್ರಶ್ನೆಗೆ ಹೆದರುತ್ತಾರೆ, ಆದರೆ ಈ ಒಂದು ಅಧ್ಯಾಯದ ಮಟ್ಟಿಗೆ ನಮ್ಮ ಭಾಷೆಯೇ ಅನುಕೂಲ. ಇಂಗ್ಲಿಷಿನಲ್ಲಿ ಹೋಲಿಕೆಯ ಆಧಾರ ವಾಕ್ಯದ ಕೊನೆಯಲ್ಲಿ, ‘ದ್ಯಾನ್’ ಆದಮೇಲೆ ಬರುತ್ತದೆ. ಅವಸರದಲ್ಲಿ ಓದುವ ಕಣ್ಣು ಮೊದಲು ಬಂದ ಹೆಸರನ್ನೇ ನೂರು ಮಾಡಿಕೊಂಡುಬಿಡುತ್ತದೆ. ಕನ್ನಡದಲ್ಲಿ ಆಧಾರದ ಬೆನ್ನಿಗೇ ‘ಗಿಂತ’ ಅಂಟಿಕೊಂಡಿರುತ್ತದೆ. ‘ರವಿಗಿಂತ ಗೀತಾಳಿಗೆ ಶೇ. 25 ಹೆಚ್ಚು ಸಂಬಳ.’ ಗಿಂತ ಇರುವುದು ರವಿಯ ಮೇಲೆ, ಆದ್ದರಿಂದ ರವಿ 100, ಗೀತಾ 125. ಪ್ರಶ್ನೆ ತಿರುಗಿ ‘ಗೀತಾಳಿಗಿಂತ ರವಿಗೆ ಶೇಕಡಾ ಎಷ್ಟು ಕಡಿಮೆ?’ ಎಂದಾಗ ಗಿಂತ ಗೀತಾಳ ಮೇಲೆ ಬಂತು. ಈಗ ಭಾಗಿಸಬೇಕಾದ್ದು 125ರಿಂದ. ವ್ಯತ್ಯಾಸ 25, ಉತ್ತರ ಶೇ. 20. ಆಯ್ಕೆಗಳಲ್ಲಿ 25 ಇದ್ದೇ ಇರುತ್ತದೆ.

ಇಂಗ್ಲಿಷ್ ವಾಕ್ಯವನ್ನು ಒಮ್ಮೆ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ, ಗಿಂತ ಯಾವ ಪದಕ್ಕೆ ಹತ್ತಿತೋ ಅದರ ಮೇಲೆ 100 ಎಂದು ಬರೆದುಕೊಳ್ಳಿ. ‘ಆಫ್’ ಬಂದರೆ ನಮ್ಮಲ್ಲಿ ‘ಅದರ’, ‘ಅವರಲ್ಲಿ’ ಆಗುತ್ತದೆ. ಆಗಲೂ ಆ ಪ್ರತ್ಯಯ ಹೊತ್ತ ಪದವೇ ನೂರು. ‘ಬೈ’ ಮತ್ತು ‘ಟು’ ಎರಡನ್ನೂ ಬೇರೆಯಾಗಿಯೇ ಕಲಿಯಬೇಕು. ‘ಬೈ’ ಎಂದರೆ ಶೇ. 20 ಇಳಿಯಿತು, ಉಳಿದದ್ದು 80. ‘ಟು’ ಎಂದರೆ ಶೇ. 20ಕ್ಕೆ ಇಳಿಯಿತು, ಉಳಿದದ್ದು 20. ಒಂದು ‘ಕ್ಕೆ’ ಉತ್ತರವನ್ನು ನಾಲ್ಕು ಪಟ್ಟು ಬದಲಿಸಿತು. ‘ಶೇ. 120ರಷ್ಟು’ ಎಂದರೆ 1.2 ಪಟ್ಟು, ‘ಶೇ. 120 ಹೆಚ್ಚು’ ಎಂದರೆ 2.2 ಪಟ್ಟು. ಬಡ್ಡಿ ದರ ಶೇ. 8ರಿಂದ ಶೇ. 10ಕ್ಕೆ ಏರಿದರೆ ಏರಿಕೆ ಎರಡು ಪರ್ಸೆಂಟೇಜ್ ಪಾಯಿಂಟ್. ಆದರೆ ದರ ಶೇಕಡಾ ಎಷ್ಟು ಹೆಚ್ಚಾಯಿತು ಎಂದು ಕೇಳಿದರೆ ಉತ್ತರ 25. ಪ್ರಶ್ನೆಯಲ್ಲಿ ‘ಪಾಯಿಂಟ್’ ಎಂಬ ಪದ ಇದೆಯೋ ಇಲ್ಲವೋ ನೋಡಿಕೊಂಡೇ ಮುಂದೆ ಹೋಗಿ.

ನೂರು ಎಲ್ಲಿ ಎಂದು ತಿಳಿದರಷ್ಟೇ ಸಾಲದು, ಸೊನ್ನೆ ಎಲ್ಲಿ ಎಂಬುದೂ ಗೊತ್ತಿರಬೇಕು. ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ನೀರು 1800 ಅಡಿಗೆ ಬಂದಾಗ 1800ನ್ನು 1819ರಿಂದ ಭಾಗಿಸಿ ‘ಶೇ. 99 ತುಂಬಿದೆ’ ಎಂದರೆ ಸಾಗರದಲ್ಲಿ ಯಾರೂ ಒಪ್ಪುವುದಿಲ್ಲ. ಆ ಅಡಿ ಲೆಕ್ಕ ಸಮುದ್ರಮಟ್ಟದಿಂದ. ಜಲಾಶಯದ ತಳವೇ ಸಾವಿರ ಅಡಿಗೂ ಎಷ್ಟೋ ಮೇಲಿದೆ. ತುಂಬಿದ ಪ್ರಮಾಣ ಬೇಕಾದರೆ ಟಿಎಂಸಿಯನ್ನು ಟಿಎಂಸಿಯಿಂದ ಭಾಗಿಸಬೇಕು. ಗ್ರಾಫ್ ಕೊಟ್ಟು ಶೇಕಡಾ ಕೇಳುವ ಪ್ರಶ್ನೆಗಳಲ್ಲೂ ಇದೇ ಬಲೆ ಇರುತ್ತದೆ: ಲಂಬ ಅಕ್ಷ ಸೊನ್ನೆಯಿಂದ ಶುರುವಾಗದಿದ್ದಾಗ ಕಂಬಗಳ ಎತ್ತರ ನೋಡಿ ‘ದುಪ್ಪಟ್ಟು’ ಎನ್ನುವಂತಿಲ್ಲ.

ಅತಿ ಹೆಚ್ಚು ಅಂಕ ಕಳೆಸುವ ಪದವೆಂದರೆ ‘ಉಳಿದ’. ಒಂದು ಜಮೀನಿನ ಶೇ. 40ರಲ್ಲಿ ಭತ್ತ, ಉಳಿದದ್ದರ ಶೇ. 25ರಲ್ಲಿ ಶುಂಠಿ, ಮಿಕ್ಕ 63 ಗುಂಟೆ ಅಡಿಕೆ ತೋಟ. ಒಟ್ಟು ಜಮೀನು ಎಷ್ಟು? ನಲವತ್ತು, ಇಪ್ಪತ್ತೈದು ಕೂಡಿ 65, ಮಿಕ್ಕಿದ್ದು ಶೇ. 35, ಅದು 63 ಗುಂಟೆ ಎಂದರೆ ಒಟ್ಟು 180 ಗುಂಟೆ, ಅಂದರೆ ನಾಲ್ಕೂವರೆ ಎಕರೆ. ಎಷ್ಟು ಚೊಕ್ಕವಾಗಿ ಬಂತು! ಆದರೂ ತಪ್ಪು. ಭತ್ತ ಹೋಗಿ ಉಳಿದದ್ದು 60, ಅದರ ಮುಕ್ಕಾಲು 45. ಶೇ. 45 ಎಂದರೆ 63 ಗುಂಟೆ, ಒಟ್ಟು 140 ಗುಂಟೆ, ಮೂರೂವರೆ ಎಕರೆ. ತಾಳೆ ನೋಡಿ: ಭತ್ತ 56, ಉಳಿದದ್ದು 84, ಅದರ ಕಾಲುಭಾಗ ಶುಂಠಿ 21, ಅಡಿಕೆ 63. ಪ್ರಶ್ನೆ ಮಾಡುವವರು ತಪ್ಪು ದಾರಿಗೂ ಪೂರ್ಣಾಂಕ ಹೊಂದಿಸಿ ಇಡುತ್ತಾರೆ, ಆದ್ದರಿಂದ ಉತ್ತರ ಚೊಕ್ಕವಾಗಿ ಬಂತು ಎಂಬುದು ಸರಿ ಎಂಬುದಕ್ಕೆ ಸಾಕ್ಷಿಯಲ್ಲ. ತಾಳೆ ನೋಡಲು ಹತ್ತು ಸೆಕೆಂಡು ಸಾಕು.

ಹಿಂದಕ್ಕೆ ಹೋಗುವ ಲೆಕ್ಕವೂ ಇದೇ ಜಾತಿಯದು. ಮಾರಿದ ಹಣದಲ್ಲಿ ಶೇ. 2 ಖರ್ಚು ಕಳೆದು ಕೈಗೆ ₹49,000 ಬಂತು, ಮಾರಿದ್ದು ಎಷ್ಟಕ್ಕೆ? 49,000ಕ್ಕೆ ಅದರದೇ ಶೇ. 2 ಕೂಡಿದರೆ 49,980. ಸರಿ ಉತ್ತರ 49,000 ÷ 0.98 = 50,000. ಶೇಕಡಾ ಚಿಕ್ಕದಿದ್ದಾಗ ತಪ್ಪು ಉತ್ತರ ಸರಿಯುತ್ತರದ ಮಗ್ಗುಲಲ್ಲೇ ಇರುತ್ತದೆ, ಅಂದಾಜು ಮಾಡಿದರೆ ಸಿಕ್ಕಿಬೀಳುತ್ತೀರಿ. ಶೇಕಡಾ ದೊಡ್ಡದಿದ್ದರೆ, ಉದಾಹರಣೆಗೆ ಶೇ. 40 ರಿಯಾಯಿತಿ ಇದ್ದರೆ, ಅಂದಾಜೇ ಕಾಪಾಡುತ್ತದೆ. ಕಳೆದುಹೋದ ಶೇಕಡಾವನ್ನು ವಾಪಸ್ ಕೂಡಬಾರದು, ಉಳಿದ ಭಾಗದಿಂದ ಭಾಗಿಸಬೇಕು.

ಒಂದರ ಮೇಲೊಂದು ಬರುವ ಏರಿಳಿತಕ್ಕೆ ಗುಣಾಕಾರವೊಂದೇ ದಾರಿ. ಅಡಿಕೆ ದರ ಶೇ. 20 ಏರಿ ಮತ್ತೆ ಶೇ. 20 ಇಳಿದರೆ 1.2 × 0.8 = 0.96, ಮೊದಲಿಗಿಂತ ಶೇ. 4 ಕಡಿಮೆ. ಮೊದಲು ಇಳಿದು ಆಮೇಲೆ ಏರಿದರೂ ಅಷ್ಟೇ, ಗುಣಾಕಾರಕ್ಕೆ ಹಿಂದುಮುಂದಿಲ್ಲ. ಜಿಆರ್‌ಇಯಲ್ಲಿ ಎರಡು ಪ್ರಮಾಣ ಹೋಲಿಸುವ ಬಗೆಯ ಪ್ರಶ್ನೆಯಿದೆ. ಅಲ್ಲಿ ಸಂಖ್ಯೆಯನ್ನೇ ಕೊಡದೆ ‘ಶೇ. ಎಕ್ಸ್ ಏರಿ ಶೇ. ಎಕ್ಸ್ ಇಳಿಯಿತು’ ಎಂದು ಬರಬಹುದು. ಎಕ್ಸ್ ಸೊನ್ನೆಗಿಂತ ದೊಡ್ಡದು ಎಂದು ಹೇಳಿದ್ದರೆ ಕೊನೆಯ ಬೆಲೆ ಖಂಡಿತ ಕಡಿಮೆ. ಹೇಳಿಲ್ಲದಿದ್ದರೆ ಎಕ್ಸ್ ಸೊನ್ನೆಯೂ ಆಗಬಹುದು, ಆಗ ಎರಡೂ ಸಮ, ಆದ್ದರಿಂದ ‘ನಿರ್ಧರಿಸಲಾಗದು’ ಎಂಬುದೇ ಉತ್ತರ. ಆ ಸಣ್ಣ ಷರತ್ತನ್ನು ಓದದೆ ಬಿಟ್ಟರೆ ಅಂಕ ಹೋದಂತೆಯೇ.

ಬಾಯಿಲೆಕ್ಕಕ್ಕೆ ಶೇಕಡಾವನ್ನು ಭಿನ್ನರಾಶಿ ಮಾಡಿಕೊಳ್ಳುವುದು ಒಳ್ಳೆಯದು. ಇದಕ್ಕೆ ಆಣೆ ಲೆಕ್ಕ ಈಗಲೂ ನೆರವಾಗುತ್ತದೆ. ರೂಪಾಯಿಗೆ ಹದಿನಾರಾಣೆ, ನಾಲ್ಕಾಣೆ ಎಂದರೆ ಶೇ. 25, ಎಂಟಾಣೆ ಶೇ. 50, ಹನ್ನೆರಡಾಣೆ ಶೇ. 75, ಎರಡಾಣೆ ಶೇ. 12.5, ಒಂದಾಣೆ ಶೇ. 6.25. ‘ಈ ಸಲ ಬೆಳೆ ಹತ್ತಾಣೆ’ ಎಂದವರು ಶೇ. 62.5 ಎಂದಿದ್ದಾರೆ, ಅಂದರೆ 5/8. ಆಣೆಗೆ ಸಿಗದವು ಕೆಲವಿವೆ, ಅವನ್ನು ಬಾಯಿಪಾಠ ಮಾಡಬೇಕು: 1/3 ಎಂದರೆ 33⅓, 1/6 ಎಂದರೆ 16⅔, 1/7 ಸುಮಾರು 14.3, 1/9 ಸುಮಾರು 11.1, 1/11 ಸುಮಾರು 9.1. ಹಸಿ ಅಡಿಕೆ ಒಂದು ಕ್ವಿಂಟಾಲಿಗೆ ಹನ್ನೆರಡೂವರೆ ಕೆಜಿ ಒಣ ಅಡಿಕೆ ಎಂಬ ಮಾತಿನ ಮೇಲೆ ಚೇಣಿ (ಫಸಲಿನ ಗುತ್ತಿಗೆ) ಕೊಟ್ಟಿದ್ದಾರೆ ಎಂದುಕೊಳ್ಳಿ. ಅಲ್ಲಿ 0.125ರಿಂದ ಗುಣಿಸುತ್ತ ಕೂರುವ ಕೆಲಸವಿಲ್ಲ, ಎಂಟರಿಂದ ಭಾಗಿಸಿದರೆ ಮುಗಿಯಿತು.

ಭಿನ್ನರಾಶಿಯಿಂದ ಇನ್ನೊಂದು ಲಾಭವಿದೆ. ಒಂದು ಬೆಲೆ 1/4 ಏರಿದರೆ ಮೊದಲ ಸ್ಥಿತಿಗೆ ಬರಲು 1/5 ಇಳಿಯಬೇಕು. 1/5 ಏರಿದರೆ 1/6, 1/8 ಏರಿದರೆ 1/9. ಛೇದಕ್ಕೆ ಒಂದು ಕೂಡಿದರೆ ಸಾಕು. ಇಳಿದದ್ದು ಏರಬೇಕಾದರೆ ಛೇದದಲ್ಲಿ ಒಂದು ಕಳೆಯಿರಿ. ಸಕ್ಕರೆ ಬೆಲೆ ಶೇ. 25 ಏರಿದಾಗ ಖರ್ಚು ಅಷ್ಟೇ ಇರಲು ಬಳಕೆ ಎಷ್ಟು ತಗ್ಗಿಸಬೇಕು ಎಂಬ ಪ್ರಶ್ನೆಗೆ ಬರೆಯುವುದೇನೂ ಬೇಡ, ಶೇ. 20. ವೇಗ–ಸಮಯದ ಲೆಕ್ಕವೂ ಹೀಗೆಯೇ. ಮಳೆ ಹಿಡಿದ ದಿನ ಆಗುಂಬೆ ಕಡೆಯ ಬಸ್ಸು ಎಂದಿನ ವೇಗದ 4/5ರಲ್ಲಿ ಹೋಗಿ 18 ನಿಮಿಷ ತಡವಾಯಿತು ಎಂದರೆ ಸಮಯ 5/4 ಆಯಿತು. ಹೆಚ್ಚಾದ ಕಾಲುಭಾಗವೇ 18 ನಿಮಿಷ, ಎಂದಿನ ಸಮಯ 72 ನಿಮಿಷ. ದೂರ ಎಷ್ಟು ಎಂದು ತಿಳಿಯುವ ಅಗತ್ಯವೇ ಬೀಳಲಿಲ್ಲ.

ಇನ್ನು ಅನುಪಾತ. ಶೇಕಡಾದಲ್ಲಿ ‘ನೂರು ಯಾರು’ ಎಂದು ಕೇಳಿದ ಹಾಗೆ ಇಲ್ಲಿ ಕೇಳಬೇಕಾದ್ದು ‘ಅಲುಗದೆ ನಿಂತವರು ಯಾರು’. ಸಾಗರದಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ ಗಂಡಸರು, ಹೆಂಗಸರು 5:3. ಆನಂದಪುರದಲ್ಲಿ ಆರು ಹೆಂಗಸರು ಹತ್ತಿದರು, ಯಾರೂ ಇಳಿಯಲಿಲ್ಲ, ಅನುಪಾತ 10:9 ಆಯಿತು. ಮೊದಲು ಬಸ್ಸಿನಲ್ಲಿ ಎಷ್ಟು ಜನ? ಗಂಡಸರ ಸಂಖ್ಯೆ ಬದಲಾಗಿಲ್ಲ, ಆದರೆ ಒಂದು ಕಡೆ ಅವರು 5, ಇನ್ನೊಂದು ಕಡೆ 10. ಎರಡು ಕಡೆಯೂ ಒಂದೇ ಆಗುವಂತೆ 5:3ನ್ನು 10:6 ಮಾಡಿ. ಆರು ಪಾಲು ಒಂಬತ್ತಾಯಿತು, ಮೂರು ಪಾಲಿಗೆ ಆರು ಜನ, ಪಾಲಿಗೆ ಇಬ್ಬರು. ಗಂಡಸರು 20, ಹೆಂಗಸರು 12, ಒಟ್ಟು 32. ಸಮೀಕರಣ ಬರೆದೂ ಮಾಡಬಹುದು, ಎರಡು ಸಾಲು ಹೆಚ್ಚಾಗುತ್ತದೆ ಅಷ್ಟೆ. ಇಷ್ಟು ಗಂಡಸರು ಇಳಿದು ಅಷ್ಟೇ ಹೆಂಗಸರು ಹತ್ತಿದರು ಎಂದಿದ್ದರೆ ಅಲುಗದೆ ನಿಂತದ್ದು ಒಟ್ಟು ಸಂಖ್ಯೆ. ಆಗ ಎರಡೂ ಅನುಪಾತಗಳ ಮೊತ್ತವನ್ನು ಸಮ ಮಾಡಿಕೊಳ್ಳಬೇಕು. ಇಬ್ಬರ ವಯಸ್ಸಿನ ಲೆಕ್ಕದಲ್ಲಿ ಅಲುಗದ್ದು ವ್ಯತ್ಯಾಸ.

ಇಲ್ಲಿ ಬಹಳ ಮಂದಿ ಮಾಡುವ ತಪ್ಪೊಂದಿದೆ: 5:3 ಎಂದರೆ ಐವರು, ಮೂವರು ಎಂದುಕೊಂಡು 3ಕ್ಕೆ 6 ಕೂಡಿ 5:9 ಮಾಡುವುದು. ಅನುಪಾತದ ಸಂಖ್ಯೆಗಳು ಪಾಲುಗಳೇ ಹೊರತು ತಲೆಗಳಲ್ಲ, ಪಾಲಿಗೆ ತಲೆಗಳನ್ನು ಕೂಡುವಂತಿಲ್ಲ. ಆದರೆ ತಲೆಗಳು ಪೂರ್ಣಾಂಕವೇ ಆಗಿರಬೇಕು ಎಂಬುದು ಕೆಲವೊಮ್ಮೆ ಉತ್ತರವನ್ನೇ ಕೊಟ್ಟುಬಿಡುತ್ತದೆ. 5:3 ಇದ್ದು, ಜನ 40ಕ್ಕಿಂತ ಹೆಚ್ಚು, 50ಕ್ಕಿಂತ ಕಡಿಮೆ ಎಂದರೆ ಎಂಟರ ಮಗ್ಗಿಯಲ್ಲಿ ಸಿಗುವುದು 48 ಒಂದೇ. ಜಿಮ್ಯಾಟ್‌ನ ಡೇಟಾ ಸಫಿಶಿಯೆನ್ಸಿ (ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕೇ ಎಂದು ಕೇಳುವ) ಪ್ರಶ್ನೆಗಳಲ್ಲಿ ಇದನ್ನು ಮರೆತವರು ‘ಮಾಹಿತಿ ಸಾಲದು’ ಎಂದು ಗುರುತು ಹಾಕಿ ಬರುತ್ತಾರೆ.

ಎರಡು ಅನುಪಾತ ಬೆಸೆಯುವಾಗ ನಡುವಿನವನನ್ನು ಸಮ ಮಾಡಬೇಕು. ಅಡಿಕೆ ಮಾಲಿನಲ್ಲಿ ರಾಶಿ ಇಡಿ, ಬೆಟ್ಟೆ, ಗೊರಬಲು ಎಂಬ ಮೂರು ಬಗೆ ಇದ್ದು, ರಾಶಿ ಇಡಿಗೂ ಬೆಟ್ಟೆಗೂ 5:2, ಬೆಟ್ಟೆಗೂ ಗೊರಬಲಿಗೂ 3:1 ಇದೆ ಎನ್ನಿ. ಬೆಟ್ಟೆ ಒಂದು ಕಡೆ 2, ಇನ್ನೊಂದು ಕಡೆ 3, ಎರಡನ್ನೂ 6 ಮಾಡಿದರೆ 15:6:2. ಒಟ್ಟು 460 ಕೆಜಿ ಇದ್ದರೆ 23 ಪಾಲು, ಪಾಲಿಗೆ 20 ಕೆಜಿ, ಅಂದರೆ 300, 120, 40. ನೇರವಾಗಿ 5:2:1 ಎಂದೋ 5:3:1 ಎಂದೋ ಬರೆದವರಿಗೆ 460 ಸರಿಯಾಗಿ ಹಂಚಿಹೋಗುವುದಿಲ್ಲ. ಇಲ್ಲಾದರೂ ಒಂದು ಎಚ್ಚರಿಕೆ ಸಿಗುತ್ತದೆ.

ಬೆರಕೆ ಲೆಕ್ಕಕ್ಕೆ ಕಾಫಿ ಪುಡಿಗಿಂತ ಒಳ್ಳೆಯ ಉದಾಹರಣೆ ಮಲೆನಾಡಿನಲ್ಲಿ ಸಿಗುವುದು ಕಷ್ಟ. ಅಂಗಡಿಯಲ್ಲಿ ‘ಎಂಬತ್ತು ಇಪ್ಪತ್ತು ಕೊಡಿ’ ಎಂದರೆ ಕಾಫಿ 80, ಚಿಕೋರಿ 20. ಈಗ 60:40 ಇರುವ 5 ಕೆಜಿ ಪುಡಿಗೆ ಎಷ್ಟು ಶುದ್ಧ ಕಾಫಿ ಪುಡಿ ಸೇರಿಸಿದರೆ 80:20 ಆಗುತ್ತದೆ? ‘ಇಪ್ಪತ್ತು ಪರ್ಸೆಂಟ್ ಹೆಚ್ಚಾಗಬೇಕು, 5 ಕೆಜಿಗೆ 1 ಕೆಜಿ’ ಎಂಬುದು ತಟ್ಟನೆ ಬರುವ ತಪ್ಪು. ಕಾಫಿ ಹೆಚ್ಚುತ್ತದೆ, ಒಟ್ಟು ತೂಕ ಹೆಚ್ಚುತ್ತದೆ, ಚಿಕೋರಿ ಮಾತ್ರ ಅಲುಗುವುದಿಲ್ಲ. ಅದು 2 ಕೆಜಿ. ಕೊನೆಗೆ ಆ 2 ಕೆಜಿಯೇ ಶೇ. 20 ಆಗಬೇಕು, ಅಂದರೆ ಒಟ್ಟು 10 ಕೆಜಿ. ಸೇರಿಸಬೇಕಾದ್ದು 5 ಕೆಜಿ. ಮೆಣಸಿನ ಲೆಕ್ಕದಲ್ಲಿ ನೀರಲ್ಲದ ಭಾಗ ಮಾಡಿದ ಕೆಲಸವನ್ನೇ ಇಲ್ಲಿ ಚಿಕೋರಿ ಮಾಡಿತು.

ಎರಡು ಬೆರಕೆಗಳನ್ನೇ ಬೆರೆಸುವುದಾದರೆ ಅಲಿಗೇಷನ್ ಎಂಬ ವಿಧಾನ ಬಳಸಿ. 80:20 ಮತ್ತು 60:40 ಸೇರಿ 75:25 ಬೇಕು. ಬೇಕಾದ 75ರಿಂದ 60 ಇರುವುದು 15 ದೂರ, 80 ಇರುವುದು 5 ದೂರ. ದೂರಗಳನ್ನು ಅದಲುಬದಲು ಮಾಡಿದರೆ 80ರದ್ದು 15, 60ರದ್ದು 5, ಅಂದರೆ 3:1. ಅದಲುಬದಲು ಮಾಡುವುದನ್ನು ಮರೆತರೆ 1:3 ಬರುತ್ತದೆ, ಅದೂ ಆಯ್ಕೆಯಲ್ಲಿರುತ್ತದೆ. 75 ಹೆಚ್ಚು ಹತ್ತಿರವಿರುವುದು 80ಕ್ಕೆ, ಹಾಗಾಗಿ 80ರದ್ದೇ ಜಾಸ್ತಿ ಬೇಕು ಎಂಬ ಒಂದು ಯೋಚನೆ ಸಾಕು ತಪ್ಪು ತಿದ್ದಿಕೊಳ್ಳಲು.

ಬೋರ್ಡೋ ದ್ರಾವಣವನ್ನು ಇಲ್ಲಿ ಹೇಳದೆ ಬಿಡಲಾಗದು, ಏಕೆಂದರೆ ಅದರಲ್ಲಿ ಅನುಪಾತವೂ ಶೇಕಡಾವೂ ಒಟ್ಟಿಗೇ ಇವೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಶೇ. 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇದನ್ನು 1:1:100 ಎಂದು ಬರೆದು, 200 ಲೀಟರ್ ಡ್ರಮ್ಮಿಗೆ ಎಷ್ಟು ಎಂದು ಕೇಳಿದರೆ ಕೆಲವರು 200ನ್ನು 102ರಿಂದ ಭಾಗಿಸಲು ಹೊರಡುತ್ತಾರೆ. ಪಾಲುಗಳನ್ನು ಕೂಡಿ ಭಾಗಿಸಬೇಕಾದ್ದು ಒಟ್ಟು ಮೊತ್ತ ಕೊಟ್ಟಾಗ ಮಾತ್ರ. ಇಲ್ಲಿ ಕೊಟ್ಟಿರುವುದು ನೀರಿನ ಅಳತೆ. ನೀರು ಎರಡು ಪಟ್ಟಾದರೆ ಉಳಿದವೂ ಎರಡು ಪಟ್ಟು, ತಲಾ 2 ಕೆಜಿ. ಈಗ ಆ ತೆರೆದ ಡ್ರಮ್ಮಿಗೆ 50 ಲೀಟರ್ ಮಳೆನೀರು ಬಿತ್ತು ಎನ್ನೋಣ (ಡ್ರಮ್ಮಿನಲ್ಲಿ ಜಾಗವಿದೆ ಎಂದುಕೊಂಡು). 2 ಕೆಜಿ ಈಗ 250 ಲೀಟರಿನಲ್ಲಿದೆ, ಶೇ. 0.8. ಮತ್ತೆ ಶೇ. 1 ಆಗಲು ಎಷ್ಟು ಮೈಲುತುತ್ತ ಬೇಕು? ‘ಶೇ. 0.2 ಕಡಿಮೆ, 200ರ ಶೇ. 0.2 ಎಂದರೆ 400 ಗ್ರಾಂ’ ಎಂದವರು ಹಳೆಯ ನೂರನ್ನೇ ಹಿಡಿದುಕೊಂಡಿದ್ದಾರೆ. ನೂರು ಈಗ 250 ಲೀಟರ್, ಬೇಕಾದ್ದು 500 ಗ್ರಾಂ.

ಲೆಕ್ಕದಲ್ಲಿ ನಿಜವಾದ ಮೊತ್ತ ಯಾವುದೂ ಇಲ್ಲದೆ ಬರೀ ಶೇಕಡಾಗಳೇ ಇದ್ದರೆ 100 ಇಟ್ಟುಕೊಳ್ಳಿ. ಭಿನ್ನರಾಶಿಗಳಿದ್ದರೆ ಛೇದಗಳ ಲಸಾಅ ಇಟ್ಟುಕೊಳ್ಳಿ. ಮೂರನೇ ಒಂದು, ನಾಲ್ಕನೇ ಒಂದು, ಐದನೇ ಒಂದು ಎಂದಿರುವ ಕಡೆ 100 ಹಿಡಿದರೆ ದಶಾಂಶದಲ್ಲಿ ಒದ್ದಾಟ, 60 ಹಿಡಿದರೆ ಸಲೀಸು. ಒಂದು ಕಡೆಯಾದರೂ ನಿಜವಾದ ಸಂಖ್ಯೆ ಕೊಟ್ಟಿದ್ದರೆ ಮಾತ್ರ ಹೀಗೆ ಇಟ್ಟುಕೊಂಡದ್ದನ್ನು ಕೊನೆಗೆ ಅದಕ್ಕೆ ಹೊಂದಿಸಬೇಕು, ಮರೆಯಬೇಡಿ. ಆಯ್ಕೆಗಳು ಏರಿಕೆ ಕ್ರಮದಲ್ಲಿದ್ದರೆ ನಡುವಿನದನ್ನು ಮೊದಲು ಹಾಕಿ ನೋಡಿ. ಅದು ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿದರೆ ಉಳಿದವುಗಳಲ್ಲಿ ಅರ್ಧ ತಾವೇ ಬಿದ್ದುಹೋಗುತ್ತವೆ.

ಸಮಯದ ವಿಷಯ ಬೇಗ ಹೇಳಿ ಮುಗಿಸಬಹುದು. ಜಿಆರ್‌ಇ ಗಣಿತ ಭಾಗದಲ್ಲಿ ಈಗ 27 ಪ್ರಶ್ನೆಗೆ 47 ನಿಮಿಷ, ಜಿಮ್ಯಾಟ್‌ನಲ್ಲಿ 21 ಪ್ರಶ್ನೆಗೆ 45 ನಿಮಿಷ. ಜಿಆರ್‌ಇಯಲ್ಲಿ ಪರದೆಯ ಮೇಲೆ ಕ್ಯಾಲ್ಕುಲೇಟರ್ ಉಂಟು, ಜಿಮ್ಯಾಟ್‌ನ ಗಣಿತ ಭಾಗದಲ್ಲಿ ಇಲ್ಲ. ಭಿನ್ನರಾಶಿಯ ಬಾಯಿಪಾಠ ನಿಜಕ್ಕೂ ದುಡಿಯುವುದು ಅಲ್ಲಿ. ಕ್ಯಾಟ್‌ನಲ್ಲಿ ಸರಿಯುತ್ತರಕ್ಕೆ 3 ಅಂಕ, ಆಯ್ಕೆ ಇರುವ ಪ್ರಶ್ನೆಗೆ ತಪ್ಪು ಬರೆದರೆ 1 ಅಂಕ ಕಡಿತ, ಉತ್ತರವನ್ನು ನಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಕಡಿತವಿಲ್ಲ. ಟೈಪ್ ಮಾಡುವ ಪ್ರಶ್ನೆಯಲ್ಲಿ ಕೇಳಿದ್ದು ಶೇಕಡಾವೋ ದಶಾಂಶವೋ ಎಂದು ಪೆಟ್ಟಿಗೆಯ ಪಕ್ಕ ನೋಡಿಕೊಳ್ಳಿ. ಪೆಟ್ಟಿಗೆಯ ಮುಂದೆ ಶೇಕಡಾ ಚಿಹ್ನೆ ಇದ್ದರೆ 0.35 ಅಲ್ಲ, 35 ಎಂದು ಬರೆಯಬೇಕು.

ಮಾಡಿ ನೋಡಲು ಮೂರು ಲೆಕ್ಕ. ಕಳೆದ ವರ್ಷಕ್ಕಿಂತ ಇಳುವರಿ ಶೇ. 20 ಕಡಿಮೆ, ದರ ಶೇ. 30 ಹೆಚ್ಚು, ಆದಾಯ ಎಷ್ಟು ಬದಲಾಯಿತು? 70:30ರ 6 ಕೆಜಿ ಕಾಫಿ ಪುಡಿಗೆ ಎಷ್ಟು ಶುದ್ಧ ಕಾಫಿ ಪುಡಿ ಬೆರೆಸಿದರೆ 85:15 ಆಗುತ್ತದೆ? ಇಬ್ಬರ ಆದಾಯ 5:4, ಖರ್ಚು 3:2, ಇಬ್ಬರೂ ತಲಾ ₹8,000 ಉಳಿಸುತ್ತಾರೆ. ಮೊದಲನೆಯವರ ಆದಾಯ ಎಷ್ಟು? ಉತ್ತರಗಳು ಕ್ರಮವಾಗಿ ಶೇ. 4 ಹೆಚ್ಚು, 6 ಕೆಜಿ, ₹20,000. ಮೂರನೆಯದರಲ್ಲಿ ಆದಾಯದ ಪಾಲು ಬೇರೆ, ಖರ್ಚಿನ ಪಾಲು ಬೇರೆ; ಎರಡಕ್ಕೂ ಒಂದೇ ಅಕ್ಷರ ಇಟ್ಟುಕೊಂಡರೆ ಒಬ್ಬರ ಉಳಿತಾಯದಿಂದ ಪಾಲಿಗೆ ನಾಲ್ಕು ಸಾವಿರ ಎಂದೇ ಬರುತ್ತದೆ, ಇನ್ನೊಬ್ಬರದರಿಂದಲೂ ಅಷ್ಟೇ ಬರುತ್ತದೆ. ಈ ಸಂಖ್ಯೆಗಳಿಗೆ ಅದು ಕಾಕತಾಳೀಯವಾಗಿ ಹೊಂದುತ್ತದೆ. ಉಳಿತಾಯವನ್ನು ಮೊದಲನೆಯವರಿಗೆ ₹9,000, ಎರಡನೆಯವರಿಗೆ ₹8,000 ಎಂದು ಬದಲಿಸಿ ಎರಡು ಅಕ್ಷರ ಇಟ್ಟು ಮತ್ತೊಮ್ಮೆ ಮಾಡಿ: ಆದಾಯದ ಪಾಲು ₹3,000, ಖರ್ಚಿನ ಪಾಲು ₹2,000, ಮೊದಲನೆಯವರ ಆದಾಯ ₹15,000 ಬರಬೇಕು.